ಶಾಲೆಯೂ ಶುರು, ಮಳೆಯೂ ಶುರು: ಮಲೆನಾಡಿನ ಮನೆಗೆ ಜೂನ್ ತಯಾರಿ

ಮೇ ಕೊನೆಯ ವಾರ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತಂದೆತಾಯಂದಿರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಎಷ್ಟು ಬೇಗ ಎದ್ದರೂ ಬಸ್ಸಿಗೆ ಓಡುವುದು ತಪ್ಪುವುದಿಲ್ಲ, ಏನು ಮಾಡಬೇಕು?" ಬೇಗ ಏಳುವುದೊಂದರಿಂದಲೇ ಇದು ಸರಿಹೋಗುವುದಿಲ್ಲ. ಶಾಲೆ ತೆರೆಯುವುದು, ಮುಂಗಾರು ಹಿಡಿಯುವುದು, ಅಡಿಕೆಗೆ ಮದ್ದು ಹೊಡೆಯುವುದು, ಗದ್ದೆಗೆ ಅಗೆ (ಭತ್ತದ ಸಸಿಮಡಿ) ಹಾಕುವುದು, ಎಲ್ಲವೂ ನಮ್ಮಲ್ಲಿ ಒಂದರ ಬೆನ್ನಿಗೊಂದು ಬಂದು ಬೀಳುತ್ತವೆ. ಬಯಲುಸೀಮೆಯ ಮನೆಯಲ್ಲಿ ರಾತ್ರಿ ಒಗೆದ ಸಮವಸ್ತ್ರ ಬೆಳಿಗ್ಗೆ ಒಣಗಿರುತ್ತದೆ. ಇಲ್ಲಿ ಜುಲೈನ ಪುನರ್ವಸು ಮಳೆ ಜಡಿ ಹಿಡಿದರೆ ಮೂರು ದಿನವಾದರೂ ಕಾಲರು ಹಸಿಯಾಗಿಯೇ ಇರುತ್ತದೆ. ಹಾಗಾಗಿ ಎಲ್ಲೋ ಓದಿದ ವೇಳಾಪಟ್ಟಿಯನ್ನು ತಂದು ಗೋಡೆಗೆ ಅಂಟಿಸಿದರೆ ವಾರವೂ ಬಾಳುವುದಿಲ್ಲ.

ಬೆಳಗಿನ ಕೆಲಸದಲ್ಲಿ ಮುಕ್ಕಾಲು ಪಾಲು ಹಿಂದಿನ ಸಂಜೆಯೇ ಮುಗಿದಿರಬೇಕು. ಇನ್ನು ಕೆಲವು ಕೆಲಸಗಳಂತೂ ಮೇ ಬಿಸಿಲಿರುವಾಗಲೇ ಆಗಬೇಕು. ಕೆಳಗಿನ ಹಂತಗಳನ್ನು ಶಾಲೆ ತೆರೆಯಲು ಎರಡು ವಾರ ಇರುವಾಗ ಶುರುಮಾಡಿ. ತಡವಾಗಿದ್ದರೆ 3ನೇ ಹಂತದಿಂದ ಹಿಡಿಯಿರಿ. ಮಳೆಗಾಲದಲ್ಲಿ ಹೆಚ್ಚು ತೊಂದರೆ ಕೊಡುವುದು ಅದೇ.

1. ಬಸ್ಸಿನ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಎಷ್ಟು ಗಂಟೆಗೆ ಏಳಬೇಕೆಂಬುದನ್ನು ಊಹೆಯಿಂದ ಗೊತ್ತುಮಾಡಬೇಡಿ. ಒಂದು ಹಾಳೆ ತೆಗೆದುಕೊಂಡು ಬಸ್ಸು ಬರುವ ಹೊತ್ತನ್ನು ಕೆಳಗಡೆ ಬರೆದು ಮೇಲಕ್ಕೆ ಹೋಗಿ. ಬಸ್ಸು 7:45ಕ್ಕೆ ಬರುತ್ತದೆಂದು ಇಟ್ಟುಕೊಳ್ಳೋಣ.

ನಿಲ್ದಾಣದಲ್ಲಿ 10 ನಿಮಿಷ ಮೊದಲೇ ಇರಬೇಕು: 7:35. ನಡೆಯಲು 30 ನಿಮಿಷ: 7:05. ಬೂಟು, ರೇನ್‌ಕೋಟು, ಬ್ಯಾಗಿಗೆ 15 ನಿಮಿಷ: 6:50. ತಿಂಡಿಗೆ 20: 6:30. ಶೌಚ, ಸ್ನಾನ, ಬಟ್ಟೆಗೆ 25: 6:05. ಹಾಸಿಗೆ ಬಿಟ್ಟು ಕಣ್ಣು ತೆರೆಯಲು 10: 5:55.

ಎಲ್ಲರೂ ತಪ್ಪುವುದು ನಡಿಗೆಯ ಲೆಕ್ಕದಲ್ಲಿ. ಮೇ ತಿಂಗಳಲ್ಲಿ 20 ನಿಮಿಷದ ದಾರಿ ಜುಲೈನಲ್ಲಿ 30 ನಿಮಿಷ ಹಿಡಿಯುತ್ತದೆ. ಕೆಸರು, ಜಾರುವ ಪಾಚಿ, ಹಳ್ಳ ಬಳಸಿ ಹೋಗುವ ಸುತ್ತು, ಉಂಬಳ (ಜಿಗಣೆ) ಕಿತ್ತುಕೊಳ್ಳಲು ನಿಲ್ಲುವುದು, ಎಲ್ಲ ಸೇರಿ ಅಷ್ಟಾಗುತ್ತದೆ. ಮಳೆಗಾಲದ ನಡಿಗೆಯನ್ನೇ ಬರೆದುಕೊಳ್ಳಿ.

ಇನ್ನು ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. 5:55ಕ್ಕೆ ಏಳುವ ನಾಲ್ಕನೇ ಕ್ಲಾಸಿನ ಮಗು ರಾತ್ರಿ 8:45ಕ್ಕೆ ಮಲಗಿದರೆ ಮಾತ್ರ ಒಂಬತ್ತು ಗಂಟೆ ಆಗುತ್ತದೆ. ರಜೆಯಲ್ಲಿ ಎಂಟು ಗಂಟೆಗೆ ಏಳುತ್ತಿದ್ದ ಮಗುವನ್ನು ಶಾಲೆಯ ಮೊದಲ ದಿನವೇ ಆರರೊಳಗೆ ಎಬ್ಬಿಸಿದರೆ ಆ ವಾರವೆಲ್ಲ ಅಳು, ತಲೆನೋವು. ದಿನಕ್ಕೆ 15 ನಿಮಿಷದಂತೆ ಹಿಂದಕ್ಕೆ ಸರಿಸಿದರೆ ಸುಮಾರು ಒಂಬತ್ತು ದಿನದಲ್ಲಿ ಹೊಂದಿಕೊಳ್ಳುತ್ತದೆ. ಮೊದಲು ಏಳುವ ಹೊತ್ತನ್ನು ಸರಿಸಿ. ಮಲಗುವ ಹೊತ್ತು ಒಂದೆರಡು ದಿನದಲ್ಲಿ ತಾನೇ ಹಿಂದೆ ಬರುತ್ತದೆ. ಹಗಲು ನಿದ್ದೆ ಮಾಡಲು ಬಿಟ್ಟರೆ ಮಾತ್ರ ಬರುವುದಿಲ್ಲ. ಭಾನುವಾರ ಒಂದು ಗಂಟೆ ಹೆಚ್ಚು ಮಲಗಲಿ, ಅದಕ್ಕಿಂತ ಹೆಚ್ಚಾದರೆ ಸೋಮವಾರ ಮತ್ತೆ ಮೊದಲಿನಿಂದ ಶುರು.

ಇಬ್ಬರು ಮೂವರು ಮಕ್ಕಳಿದ್ದು ಬಚ್ಚಲು ಒಂದೇ ಆದರೆ ಸರದಿಯನ್ನೂ ಬರೆದಿಡಿ. ಜಡೆ ಹಾಕಬೇಕಾದವರು ಮೊದಲು. ತಲೆಸ್ನಾನವನ್ನು ಶನಿವಾರ ಸಂಜೆಗೋ ಭಾನುವಾರಕ್ಕೋ ಇಟ್ಟುಕೊಳ್ಳಿ. ಮಳೆಗಾಲದ ಬೆಳಿಗ್ಗೆ ತಲೆಗೆ ನೀರು ಹಾಕಿ ಹಸಿಯಲ್ಲೇ ಎರಡು ಜಡೆ ಬಿಗಿದರೆ ಸಂಜೆ ಬಿಚ್ಚುವವರೆಗೂ ಬುಡ ಒಣಗುವುದಿಲ್ಲ. ಕೂದಲು ಮುಗ್ಗುತ್ತದೆ, ನೆತ್ತಿ ತುರಿಸುತ್ತದೆ.

2. ಕಾಗದಪತ್ರ ಮೇ ತಿಂಗಳಲ್ಲೇ ಮುಗಿಸಿ

ಮಳೆ ಹಿಡಿದ ಮೇಲೆ ನೆಟ್‌ವರ್ಕ್, ಕರೆಂಟು ಎರಡೂ ಕೈಕೊಡುತ್ತವೆ. ನಾಡಕಚೇರಿಗೆ ಹೋಗಿ ಸರ್ವರ್ ಇಲ್ಲವೆಂದು ವಾಪಸು ಬರುವುದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇವಿಷ್ಟು ಇರಲಿ: ಮಗುವಿನ ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಆರು ಫೋಟೋ, ಶಾಲೆ ಬದಲಿಸಿದ್ದರೆ ವರ್ಗಾವಣೆ ಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಪ್ರಮಾಣ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ವಿದ್ಯಾರ್ಥಿವೇತನದ ಅರ್ಜಿ ಕೇಳುವುದು ಅದನ್ನೇ. ಜೊತೆಗೆ ಶಾಲೆಯಲ್ಲಿ ಮಗುವಿನ ಸ್ಯಾಟ್ಸ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ರಾಜ್ಯದ ಪ್ರತಿ ವಿದ್ಯಾರ್ಥಿಯ ದಾಖಲೆ ಇರುವ ಗಣಕ ವ್ಯವಸ್ಥೆಯಲ್ಲಿ ಮಗುವಿಗೆ ಕೊಟ್ಟ ಗುರುತು ಅದು.

ಅರ್ಜಿ ನಿಂತುಹೋಗಲು ಸಾಮಾನ್ಯ ಕಾರಣ ಹೆಸರಿನ ವ್ಯತ್ಯಾಸ. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಶಾಲೆಯ ದಾಖಲೆಯಲ್ಲಿ ಮುಂದೆ, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ಲೇ ಇಲ್ಲ. ಮೂರನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಆಗಿರದಿದ್ದರೆ ಮಂಜೂರಾದ ಹಣವೂ ಬಂದು ಸೇರುವುದಿಲ್ಲ.

ಬಸ್ ಪಾಸ್: ಸರ್ಕಾರಿ ಬಸ್ಸಿನ ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಗ್ರಾಮ ಒನ್ ಕೇಂದ್ರದಲ್ಲೂ ಹಾಕಿಸಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ, ವಿಳಾಸವಿರುವ ಗುರುತಿನ ಚೀಟಿ ಬ್ಯಾಗಿನಲ್ಲಿರಬೇಕು. ಆದರೆ ನಮ್ಮ ಕಡೆಯ ಎಷ್ಟೋ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಈ ಎರಡೂ ನಡೆಯುವುದಿಲ್ಲ. ನಿಮ್ಮ ಹೊತ್ತಿನ ಬಸ್ಸು ಯಾರದು, ಅದರ ರಿಯಾಯಿತಿ ಏನು ಎಂದು ಕಂಡಕ್ಟರ್ ಹತ್ತಿರವೇ ಮೊದಲು ವಿಚಾರಿಸಿ, ಆಮೇಲೆ ಪಾಸ್ ಮಾಡಿಸಿ.

3. ಬಟ್ಟೆ ಒಣಗಿಸುವ ವ್ಯವಸ್ಥೆ

ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶಿವಮೊಗ್ಗ ಪೇಟೆಯಿಂದಲೋ ಇನ್ನೂ ದೂರದಿಂದಲೋ ಹೊಸದಾಗಿ ಬಂದು ನೆಲೆಸಿದವರು ಮಾತ್ರ ಮೊದಲ ಜುಲೈನಲ್ಲಿ ಕಂಗಾಲಾಗುತ್ತಾರೆ.

*ಎಷ್ಟು ಬೇಕು.* ಸಮವಸ್ತ್ರ ಮೂರು ಜೊತೆ: ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಪೆಟ್ಟಿಗೆಯಲ್ಲಿ. ಸರ್ಕಾರಿ ಶಾಲೆಯಲ್ಲಿ ಎರಡು ಜೊತೆ ಕೊಡುತ್ತಾರೆ, ಇನ್ನೊಂದನ್ನು ಮೇ ತಿಂಗಳಲ್ಲೇ ಹೊಲಿಸಿ. ಜೂನ್‌ನಲ್ಲಿ ದರ್ಜಿ ಅಂಗಡಿಯಲ್ಲಿ ಬಟ್ಟೆಯ ರಾಶಿ ಬಿದ್ದಿರುತ್ತದೆ. ಪ್ಯಾಂಟು, ಲಂಗದ ಅಂಚಿನೊಳಗೆ ಎರಡು ಇಂಚು ಮಡಿಸಿ ಹೊಲಿಸಿದರೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಸಾಕ್ಸ್ ಆರು ಜೊತೆ. ದಪ್ಪ ಹತ್ತಿಯ ಸಾಕ್ಸ್ ಮಳೆಗಾಲಕ್ಕೆ ಬೇಡ, ಒಣಗುವುದೇ ಇಲ್ಲ.

*ಒಣಗಿಸುವ ಕ್ರಮ.*

ಮಗು ಮನೆಗೆ ಬಂದ ಹತ್ತು ನಿಮಿಷದೊಳಗೆ ಬಟ್ಟೆ ಬದಲಿಸಬೇಕು. ಬಿಚ್ಚಿದ್ದನ್ನು ಬಕೆಟಿನಲ್ಲಿ ಮುದ್ದೆ ಮಾಡಿ ಬಿಟ್ಟರೆ ಒಂದೇ ರಾತ್ರಿಗೆ ಮುಗ್ಗುಲು ವಾಸನೆ ಹಿಡಿಯುತ್ತದೆ, ಮತ್ತೆ ಎರಡು ಸಲ ಒಗೆದರೂ ಹೋಗದು. ಕೊಳೆಯಾಗದ ಅಂಗಿಯನ್ನು ದಿನಾ ಒಗೆಯಬೇಡಿ. ಅಂಚಿನ ಕೆಸರನ್ನಷ್ಟೇ ತೊಳೆದು ಹರವಿ.

ಒಗೆದದ್ದನ್ನು ಹಿಂಡಿದ ಮೇಲೆ ಒಣ ಬೈರಾಸದಲ್ಲಿ (ಟವೆಲಿನಲ್ಲಿ) ಸುರುಳಿ ಸುತ್ತಿ ಅದರ ಮೇಲೆ ಒಂದು ನಿಮಿಷ ತುಳಿದು ನಿಲ್ಲಿ. ಕೈಯಿಂದ ಹಿಂಡಿದರೆ ಬರದ ನೀರು ಬೈರಾಸಕ್ಕೆ ಬರುತ್ತದೆ. ಇದೊಂದನ್ನು ಮಾಡಿದರೆ ಒಣಗುವ ಹೊತ್ತು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ.

ಹಗ್ಗದ ಮೇಲೆ ಮಡಿಸಿ ಹಾಕದೆ ಹ್ಯಾಂಗರಿಗೆ ಹಾಕಿ, ಎರಡರ ನಡುವೆ ಒಂದು ಗೇಣು ಜಾಗ ಬಿಡಿ. ಬಚ್ಚಲೊಲೆ ಇರುವ ಮನೆಯಾದರೆ ಅದರ ಬಳಿ ಹಗ್ಗ ಕಟ್ಟಿ. ಒಲೆಯ ಬಾಯಿಗೆ ನೇರ ಮೇಲೆ ಬೇಡ, ಪಕ್ಕದಲ್ಲಿ, ಕನಿಷ್ಠ ನಾಲ್ಕು ಅಡಿ ದೂರದಲ್ಲಿರಲಿ. ಉರಿ ಆರಿ ಕೆಂಡವಾದ ಮೇಲೆ ಹಾಕಿದರೆ ಹೊಗೆ ವಾಸನೆ ಹಿಡಿಯದು. ಇಂದಿನ ಸಮವಸ್ತ್ರದ ಬಟ್ಟೆಯಲ್ಲಿ ಪಾಲಿಯೆಸ್ಟರ್ ಸೇರಿರುತ್ತದೆ. ಕಿಡಿ ತಾಗಿದರೆ ಕರಗಿ ಹೊತ್ತಿಕೊಳ್ಳುತ್ತದೆ. ರಾತ್ರಿ ಯಾರೂ ನೋಡಿಕೊಳ್ಳದೆ ಉರಿಯುವ ಒಲೆಯ ಹತ್ತಿರ ಬಟ್ಟೆ ಬಿಟ್ಟು ಮಲಗಲೇಬೇಡಿ.

ಕೊನೆಯ ತೇವವನ್ನು ಇಸ್ತ್ರಿ ತೆಗೆಯಲಿ. ಕಾಲರು, ಜೇಬು, ಸೊಂಟಪಟ್ಟಿಯ ಮೇಲೆ ಹಬೆ ಏಳುವುದು ನಿಲ್ಲುವವರೆಗೆ ಉಜ್ಜಿ, ಅರ್ಧ ಗಂಟೆ ತೂಗುಹಾಕಿ, ಆಮೇಲೆ ಮಡಿಸಿ. ಬಿಸಿ ಇರುವಾಗಲೇ ಮಡಿಸಿ ಪೆಟ್ಟಿಗೆಗೆ ಹಾಕಿದರೆ ಒಳಗೆ ಬೂಷ್ಟು ಬರುತ್ತದೆ. ಗಂಜಿ ಹಾಕುವುದನ್ನು ಸೆಪ್ಟೆಂಬರ್‌ವರೆಗೆ ಮರೆತುಬಿಡಿ, ಬೂಷ್ಟಿಗೆ ಅದೇ ಆಹಾರ.

*ಬೂಟು.* ನೆನೆದ ಬೂಟಿನ ಒಳಹಾಸು ತೆಗೆದು ಬೇರೆ ಇಡಿ. ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತುದಿಯವರೆಗೆ ತುಂಬಿ, ಒಂದು ಗಂಟೆ ಬಿಟ್ಟು ಒದ್ದೆ ಕಾಗದ ತೆಗೆದು ಒಣದು ತುಂಬಿ, ಮಲಗುವ ಮುಂಚೆ ಇನ್ನೊಮ್ಮೆ. ಬೂಟನ್ನು ಒಲೆಯ ಕಟ್ಟೆಯ ಮೇಲೆ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕಳಚುತ್ತದೆ. ಆಗಸ್ಟ್‌ವರೆಗೆ ಚಪ್ಪಲಿ ಅಥವಾ ಪ್ಲಾಸ್ಟಿಕ್ ಸ್ಯಾಂಡಲ್ ಹಾಕಲು ಬಿಡುತ್ತೀರಾ ಎಂದು ಶಾಲೆಯಲ್ಲಿ ಕೇಳಿ. ಕೇಳಲು ಸಂಕೋಚ ಬೇಡ, ದಿನವಿಡೀ ಒದ್ದೆ ಸಾಕ್ಸಿನಲ್ಲಿ ಕೂತರೆ ಬೆರಳ ಸಂದಿ ಹುಣ್ಣಾಗುತ್ತದೆ. ಬೂಟೇ ಬೇಕೆಂದರೆ ಒಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಸದಾ ಬ್ಯಾಗಿನಲ್ಲಿರಲಿ.

*ಕೊಡೆಯೋ ರೇನ್‌ಕೋಟೋ?* ನಡೆದು ಹೋಗುವ ಮಕ್ಕಳಿಗೆ ರೇನ್‌ಕೋಟೇ ಸರಿ. ಗಾಳಿಮಳೆಗೆ ಕೊಡೆ ಮಗುಚುತ್ತದೆ, ಒಂದು ಕೈ ಅದಕ್ಕೇ ಹೋಗುತ್ತದೆ, ಜಾರಿದರೆ ಹಿಡಿದುಕೊಳ್ಳಲು ಕೈ ಇರುವುದಿಲ್ಲ. ಬ್ಯಾಗು ಹಾಕಿಕೊಂಡ ಮೇಲೆ ತೊಡುವಷ್ಟು ದೊಡ್ಡದು ಕೊಳ್ಳಿ, ಅಂದರೆ ಮೈಯಳತೆಗಿಂತ ಎರಡು ಸೈಜ್ ಹೆಚ್ಚು. ಹಳದಿ ಅಥವಾ ಕಿತ್ತಳೆ ಬಣ್ಣ ಆರಿಸಿ. ಮಂಜಿನಲ್ಲಿ ಕಪ್ಪು, ಕಡುನೀಲಿ ಬಣ್ಣದ ರೇನ್‌ಕೋಟು ಲಾರಿ ಚಾಲಕರಿಗೆ ಕಾಣುವುದೇ ಇಲ್ಲ. ಒಳಗೆ ಅಳಿಸದ ಶಾಯಿಯಲ್ಲಿ ಹೆಸರು, ತರಗತಿ ಬರೆಯಿರಿ. ಒದ್ದೆ ರೇನ್‌ಕೋಟನ್ನು ಪುಸ್ತಕದ ಬ್ಯಾಗಿಗೆ ತುರುಕಬಾರದೆಂದು ಮೊದಲ ದಿನವೇ ಹೇಳಿಕೊಡಿ. ಬೇರೆ ಕೈಚೀಲ ಕೊಡಿ.

4. ಬ್ಯಾಗು

ಹೊರಗಿನ ಕವರ್ ಎಷ್ಟೇ ಚೆನ್ನಾಗಿದ್ದರೂ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಪುಸ್ತಕಗಳನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಮಡಿಸಿ, ಅದನ್ನು ಬ್ಯಾಗಿನೊಳಗೆ ಇಡಿ. ಬರೆಯಲು ಮಳೆಗಾಲದಲ್ಲಿ ಬಾಲ್‌ಪೆನ್ನೇ ಇರಲಿ. ಇಂಕ್ ಪೆನ್ನು, ಜೆಲ್ ಪೆನ್ನಿನ ಬರಹ ಒಂದು ಹನಿ ಬಿದ್ದರೂ ಹರಡಿ ಹೋಗುತ್ತದೆ.

ತೂಕದ ಮಿತಿಯ ಬಗ್ಗೆ ರಾಜ್ಯ ಸರ್ಕಾರ 2019ರಲ್ಲಿ ಸುತ್ತೋಲೆ ಹೊರಡಿಸಿದೆ: 1–2ನೇ ತರಗತಿಗೆ 1.5ರಿಂದ 2 ಕಿಲೋ, 3–5ಕ್ಕೆ 2ರಿಂದ 3, 6–8ಕ್ಕೆ 3ರಿಂದ 4, 9–10ಕ್ಕೆ 4ರಿಂದ 5 ಕಿಲೋ. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿಯೋ ಸ್ಪ್ರಿಂಗ್ ತಕ್ಕಡಿಯೋ ಇದ್ದರೆ ಒಮ್ಮೆ ತೂಗಿ ನೋಡಿ. ಹೆಚ್ಚಿಸುವುದು ಬಹಳ ಸಲ ಪುಸ್ತಕವಲ್ಲ, ನೀರು: ಒಂದು ಲೀಟರ್ ಬಾಟಲಿ ಎಂದರೆ ಒಂದು ಕಿಲೋ. ಶಾಲೆಯಲ್ಲಿ ಶುದ್ಧ ನೀರಿದ್ದರೆ ಅರ್ಧ ಲೀಟರ್ ಸಾಕು. ಇಲ್ಲದಿದ್ದರೆ ಕುದಿಸಿ ಆರಿಸಿದ ನೀರನ್ನೇ ಪೂರ್ತಿ ಕೊಡಿ. ಮಳೆ ಹಿಡಿದ ಮೇಲೆ ಬಾವಿಯ ನೀರಿಗೆ ಮೇಲಿನ ಕೊಚ್ಚೆ ಸೇರುತ್ತದೆ, ತಿಳಿಯಾಗಿ ಕಂಡರೂ ಕುದಿಸದೆ ಕೊಡಬೇಡಿ.

5. ಸಂಜೆಯ ಕ್ರಮ

ಐದಕ್ಕೆ ಮನೆ, ಬಟ್ಟೆ ಬದಲು, ಬಿಸಿಬಿಸಿ ಏನಾದರೂ ಕುಡಿಯಲು ತಿನ್ನಲು. ಹೋಂವರ್ಕ್ ಐದೂವರೆಯಿಂದ, ಬೆಳಕಿರುವಾಗಲೇ, ಜಗುಲಿಯಲ್ಲಿ. ಊಟ ಆದ ಮೇಲೆ ಬರೆದರಾಯಿತು ಎಂದು ಬಿಟ್ಟರೆ ಕರೆಂಟು ಹೋಗಿರುತ್ತದೆ, ಮೇಣದ ಬತ್ತಿಯಲ್ಲಿ ಗಣಿತ ಮಾಡಿಸುತ್ತಾ ಹತ್ತು ಗಂಟೆ. ಕರೆಂಟು ಇದ್ದ ಹೊತ್ತಿಗೇ ಇಸ್ತ್ರಿ, ಮಿಕ್ಸಿ, ಮೊಬೈಲ್ ಮತ್ತು ಎಮರ್ಜೆನ್ಸಿ ಲೈಟಿನ ಚಾರ್ಜು ಮುಗಿಸಿಬಿಡಿ.

ಏಳೂವರೆಗೆ ಊಟ. ಆಮೇಲೆ ಹತ್ತು ನಿಮಿಷ "ಬಾಗಿಲ ಬಳಿಯ ಕೆಲಸ": ನಾಳೆಯ ವೇಳಾಪಟ್ಟಿ ನೋಡಿ ಬ್ಯಾಗು ತುಂಬುವುದು, ಬಟ್ಟೆ ಒಳಉಡುಪು ಸಮೇತ ಒಂದೇ ಕಡೆ ಇಡುವುದು, ಸಹಿ ಬೇಕಾದ ಡೈರಿ ತೋರಿಸುವುದು. ಬ್ಯಾಗನ್ನು ಮಗುವೇ ತುಂಬಲಿ, ನೀವು ನೋಡಿ. ನೀವೇ ತುಂಬಿಕೊಟ್ಟರೆ ಏಳನೇ ಕ್ಲಾಸಿಗೆ ಬಂದರೂ ನೀವೇ ತುಂಬಬೇಕಾಗುತ್ತದೆ.

ದೊಡ್ಡವರ ಕೆಲಸವನ್ನೂ ಹಂಚಿ ಬರೆಯಿರಿ. ಬೆಳಿಗ್ಗೆ ಆರರಿಂದ ಏಳರ ನಡುವೆ ಕೊಟ್ಟಿಗೆಯ ಕೆಲಸ, ಹಾಲು ಕರೆಯುವುದು, ಡೇರಿಗೆ ಹಾಲು ಮುಟ್ಟಿಸುವುದು, ತಿಂಡಿ, ಜಡೆ, ಎಲ್ಲವೂ ಒಬ್ಬಳೇ ಅಮ್ಮನ ತಲೆಯ ಮೇಲೆ ಬಿದ್ದಿರುವ ಮನೆಯಲ್ಲಿ ಯಾವ ವೇಳಾಪಟ್ಟಿಯೂ ನಿಲ್ಲುವುದಿಲ್ಲ. ಆ ಒಂದು ಗಂಟೆಯಲ್ಲಿ ಅಪ್ಪ ಕೊಟ್ಟಿಗೆಯನ್ನೋ ಮಕ್ಕಳನ್ನೋ ಪೂರ್ತಿ ವಹಿಸಿಕೊಳ್ಳಬೇಕು. ಮದ್ದು ಹೊಡೆಯುವವರು, ನೆಟ್ಟಿಯ ಆಳುಗಳು ಬರುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ತಿಂಡಿ ಸುಲಭದ್ದಿರಲಿ, ಮಕ್ಕಳನ್ನು ಬಸ್ಸಿಗೆ ಬಿಡುವ ಕೆಲಸ ಅಜ್ಜನಿಗೋ ಪಕ್ಕದ ಮನೆಯವರಿಗೋ ಇರಲಿ.

6. ತಿಂಡಿ ಮತ್ತು ಡಬ್ಬಿ

ಉದ್ದಿನ ಹಿಟ್ಟು ಮಳೆಗಾಲದಲ್ಲಿ ಬೇಗ ಹುಳಿ ಬರುವುದಿಲ್ಲ. ರಾತ್ರಿ ಎಂಟಕ್ಕೆ ರುಬ್ಬಿದ್ದು ಬೆಳಿಗ್ಗೆ ಆರಕ್ಕೆ ಉಬ್ಬಿರುವುದೇ ಇಲ್ಲ. ಇಡ್ಲಿ ಬೇಕಿದ್ದರೆ ಮಧ್ಯಾಹ್ನ ಎರಡು ಗಂಟೆಯೊಳಗೆ ರುಬ್ಬಿ, ಬಚ್ಚಲೊಲೆಯ ಬೆಚ್ಚನೆಯ ಕಟ್ಟೆಯ ಹತ್ತಿರ ಇಡಿ. ವಾರದ ನಡುವೆ ಹುಳಿ ಬರುವ ಗೊಡವೆ ಇಲ್ಲದ ತಿಂಡಿಗಳೇ ಮೇಲು.

ನೀರು ದೋಸೆಗೆ ನಾಲ್ಕು ಜನರಿಗೆ ಎರಡು ಲೋಟ ಅಕ್ಕಿ. ಮಧ್ಯಾಹ್ನ ನೆನೆಹಾಕಿ ರಾತ್ರಿ ಕರೆಂಟಿರುವಾಗ ರುಬ್ಬಿಡಿ, ಬೆಳಿಗ್ಗೆ ಉಪ್ಪು, ನೀರು ಬೆರೆಸಿ ಮಜ್ಜಿಗೆಯಷ್ಟು ತೆಳು ಮಾಡಿ. ತೆಂಗಿನಕಾಯಿಯನ್ನು ರಾತ್ರಿಯೇ ಸೇರಿಸಿ ರುಬ್ಬಿದರೆ ಬೆಳಿಗ್ಗೆ ಹಳಸಲು ವಾಸನೆ ಬರಬಹುದು. ಕಡುಬಿಗೆ ಬೇಕಾದ ಅಕ್ಕಿ ತರಿಯನ್ನು ಮೇ ಬಿಸಿಲಲ್ಲೇ ಮಾಡಿಕೊಳ್ಳಿ: ಅಕ್ಕಿ ತೊಳೆದು, ಪೂರ್ತಿ ಒಣಗಿಸಿ, ತರಿಯಾಗಿ ಒಡೆಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ. ಜುಲೈನಲ್ಲಿ ತೊಳೆದ ಅಕ್ಕಿ ಒಣಗುವುದಿಲ್ಲ, ಹಸಿ ತರಿ ಮುಗ್ಗುತ್ತದೆ. ಒಂದು ಲೋಟ ತರಿಗೆ ಎರಡು ಲೋಟ ನೀರು, ಉಪ್ಪು ಹಾಕಿ ಗಟ್ಟಿಯಾಗುವವರೆಗೆ ತೊಳಸಿ, ಉಂಡೆ ಕಟ್ಟಿ, 15–20 ನಿಮಿಷ ಹಬೆಯಲ್ಲಿ ಬೇಯಿಸಿದರಾಯಿತು. ಹಬೆಯಲ್ಲಿ ಬೇಯುವಾಗ ನಿಮ್ಮ ಕೈ ಜಡೆ ಹಾಕಲು ಬಿಡುವಾಗಿರುತ್ತದೆ. ಶಾಲೆಯ ದಿನಕ್ಕೆ ಕಡುಬು ಹೊಂದುವುದು ಅದಕ್ಕೇ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಇರುತ್ತದೆ. ಡಬ್ಬಿ ಕಟ್ಟುವವರಿಗೆ ಮೂರು ಎಚ್ಚರಿಕೆ. ಬಿಸಿ ಆಹಾರ ತುಂಬಿ ಕೂಡಲೇ ಮುಚ್ಚಳ ಹಾಕಿದರೆ ಒಳಗೆ ಹಬೆ ನೀರಾಗಿ ಮಧ್ಯಾಹ್ನಕ್ಕೆ ಹಳಸುತ್ತದೆ, ಹತ್ತು ನಿಮಿಷ ಆರಲು ಬಿಡಿ. ಹಸಿ ಕಾಯಿ ಚಟ್ನಿ ಬೇಡ, ಚಟ್ನಿಪುಡಿಯೋ ಉಪ್ಪಿನಕಾಯಿಯೋ ಇರಲಿ. ಅಕ್ಕಿ ರೊಟ್ಟಿ ಗಟ್ಟಿಯಾಗುತ್ತದೆಂಬ ದೂರಿದ್ದರೆ ಹಿಟ್ಟಿಗೆ ಒಂದು ಹಿಡಿ ಅನ್ನವನ್ನೋ ತುರಿದ ಸೌತೆಕಾಯಿಯನ್ನೋ ಸೇರಿಸಿ ನಾದಿ.

7. ದಾರಿ

ಶಾಲೆ ಶುರುವಾಗುವ ಮೊದಲು ಒಂದು ಸಲ ಮಕ್ಕಳ ಜೊತೆ ಆ ದಾರಿಯಲ್ಲಿ ನಡೆಯಿರಿ. ಎಲ್ಲಿ ಧರೆ ಕುಸಿಯುವಂತಿದೆ, ಯಾವ ಮರ ವಾಲಿದೆ, ಎಲ್ಲಿ ಆಸರೆಗೆ ನಿಲ್ಲಬಹುದು ಎಂದು ತೋರಿಸಿ.

ಕಾಲುಸಂಕದ, ಅಂದರೆ ಹಳ್ಳ ದಾಟುವ ಸಣ್ಣ ಕಾಲ್ಸೇತುವೆಯ, ವಿಷಯದಲ್ಲಿ ರಿಯಾಯಿತಿ ಇಲ್ಲ. ನೀರು ಹಲಗೆಯನ್ನು ಮುಟ್ಟುತ್ತಿದ್ದರೆ, ಇಲ್ಲವೇ ಹಳ್ಳದ ನೀರು ಕೆಂಪಾಗಿ ಕಸಕಡ್ಡಿ ತರುತ್ತಿದ್ದರೆ ದಾಟಬಾರದು. ಶಾಲೆ ತಪ್ಪಿದರೂ ಪರೀಕ್ಷೆ ತಪ್ಪಿದರೂ ಸರಿ. ಬೆಳಿಗ್ಗೆ ಸುಲಭವಾಗಿ ದಾಟಿದ ಹಳ್ಳ ಮೇಲೆಲ್ಲೋ ಬಿದ್ದ ಮಳೆಗೆ ಸಂಜೆ ಉಕ್ಕಿರುತ್ತದೆ. ಆಚೆ ದಡದಲ್ಲಿ ಪರಿಚಯದ ಒಂದು ಮನೆ ಗೊತ್ತುಮಾಡಿ, "ನೀರು ಹೆಚ್ಚಿದ್ದರೆ ಅಲ್ಲೇ ಕೂತಿರು, ನಾವು ಬರುತ್ತೇವೆ" ಎಂದು ಮಕ್ಕಳಿಗೂ ಆ ಮನೆಯವರಿಗೂ ಹೇಳಿಡಿ. ಸಂಕದ ಹಲಗೆ, ಹಿಡಿಕೆ ಹಗ್ಗವನ್ನು ಊರವರು ಸೇರಿ ಮೇ ತಿಂಗಳಲ್ಲೇ ಬದಲಿಸಬೇಕು. ಸಂಕ ತೀರಾ ಹಾಳಾಗಿದ್ದರೆ ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಉಂಬಳ: ಹೊರಡುವಾಗ ಕಾಲಿಗೂ ಸಾಕ್ಸಿನ ಪಟ್ಟಿಗೂ ಉಪ್ಪು ಬೆರೆಸಿದ ಕೊಬ್ಬರಿ ಎಣ್ಣೆಯನ್ನೋ ಒಣ ಸೋಪನ್ನೋ ಉಜ್ಜಿ. ಮಳೆಗೆ ತೊಳೆದುಹೋಗುತ್ತದೆ, ಆದ್ದರಿಂದ ಪುಟ್ಟ ಡಬ್ಬಿಯಲ್ಲಿ ಉಪ್ಪು ಜೊತೆಗಿರಲಿ. ಹತ್ತಿದ್ದನ್ನು ಎಳೆಯದೆ ಕಚ್ಚಿದ ತುದಿಯ ಹತ್ತಿರ ಉಗುರಿನಿಂದ ಜಾರಿಸಿ ಬಿಡಿಸಬೇಕು. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಸುರಿಯುತ್ತದೆ. ಹೆದರಬೇಕಿಲ್ಲ, ಸೋಪಿನಲ್ಲಿ ತೊಳೆದು ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಮಕ್ಕಳು ತುರಿಸಿ ಹುಣ್ಣು ಮಾಡಿಕೊಳ್ಳದಂತೆ ನೋಡಿಕೊಳ್ಳಿ.

8. ಮಳೆ ರಜೆಯ ಸುದ್ದಿ

ಭಾರೀ ಮಳೆಯಾದಾಗ ಜಿಲ್ಲೆಗೋ ಆಯಾ ತಾಲ್ಲೂಕಿಗೋ ರಜೆ ಘೋಷಣೆಯಾಗುತ್ತದೆ. ಎಷ್ಟೋ ಸಲ ಆದೇಶ ಬರುವುದು ಹಿಂದಿನ ರಾತ್ರಿ ತಡವಾಗಿ ಅಥವಾ ಅದೇ ದಿನ ಬೆಳಿಗ್ಗೆ. ವಾಟ್ಸಾಪಿನಲ್ಲಿ ಹರಿದಾಡುವ ಆದೇಶದ ಚಿತ್ರವನ್ನು ನಂಬುವ ಮೊದಲು ಎರಡು ನೋಡಿ: ದಿನಾಂಕ ಮತ್ತು ತಾಲ್ಲೂಕಿನ ಹೆಸರು. ಹಳೆಯ ವರ್ಷದ ಆದೇಶ ಮತ್ತೆ ಮತ್ತೆ ಬರುತ್ತದೆ, ಸಾಗರಕ್ಕೆ ಕೊಟ್ಟ ರಜೆ ಸೊರಬಕ್ಕೂ ಇದೆಯೆಂದು ಜನ ತಿಳಿಯುತ್ತಾರೆ. ನೆಟ್‌ವರ್ಕ್ ಇಲ್ಲದ ಊರಿನವರು ಸಿಗ್ನಲ್ ಸಿಗುವ ಜಾಗದಲ್ಲಿರುವ ಒಂದು ಮನೆಯನ್ನು ಗೊತ್ತುಮಾಡಿಕೊಂಡು, ಆರೂವರೆಯೊಳಗೆ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡಿಕೊಳ್ಳಿ. ಹೀಗೆ ಹೋದ ದಿನಗಳನ್ನು ಶನಿವಾರ ಮಧ್ಯಾಹ್ನ ಅಥವಾ ರಜಾ ದಿನಗಳಲ್ಲಿ ಪಾಠ ಮಾಡಿ ಸರಿದೂಗಿಸುವುದುಂಟು. ನೆಂಟರ ಮನೆಯ ಕಾರ್ಯಕ್ರಮಕ್ಕೆ ಮಾತು ಕೊಡುವ ಮುನ್ನ ಇದನ್ನು ನೆನಪಿಡಿ.

9. ಮೊದಲ ಮೂರು ವಾರ ಏನು ಗಮನಿಸಬೇಕು

ಹೊಸ ಶಾಲೆಗೆ ಹೋದ ಚಿಕ್ಕ ಮಕ್ಕಳು ಅಲ್ಲಿನ ಶೌಚಾಲಯಕ್ಕೆ ಹೆದರಿ ಸಂಜೆಯವರೆಗೆ ತಡೆದುಕೊಳ್ಳುತ್ತಾರೆ, ಅದಕ್ಕಾಗಿ ನೀರನ್ನೂ ಕುಡಿಯುವುದಿಲ್ಲ. ಬಾಟಲಿ ತುಂಬಿದಂತೆಯೇ ಮನೆಗೆ ಬರುತ್ತಿದ್ದರೆ ಕಾರಣ ಇದೇ ಇರಬಹುದು. ಗದರಿಸದೆ ಕೇಳಿ, ಟೀಚರ್ ಹತ್ತಿರ ಮಾತಾಡಿ. ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವನ್ನೂ ನಾಟಕ ಎಂದು ತಳ್ಳಿಹಾಕಬೇಡಿ. ಜ್ವರ ಬಂದ ಮಗುವನ್ನು ಔಷಧಿ ಇಲ್ಲದೆ ಪೂರ್ತಿ ಒಂದು ದಿನ ಜ್ವರವಿಲ್ಲದೆ ಕಳೆಯುವವರೆಗೆ ಕಳಿಸಬೇಡಿ. ಮಳೆಗಾಲದ ಜ್ವರ ಎರಡು ದಿನಕ್ಕೂ ಇಳಿಯದಿದ್ದರೆ, ಅಥವಾ ಕಣ್ಣು ಕೆಂಪಾಗಿ ಮೀನಖಂಡ ವಿಪರೀತ ನೋಯುತ್ತಿದ್ದರೆ ಕಷಾಯ ಮಾಡುತ್ತಾ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಡೆಂಗಿ, ಇಲಿ ಜ್ವರ ಎರಡೂ ಈ ಕಾಲದ್ದೇ.

ಮೂರನೇ ಭಾನುವಾರ 1ನೇ ಹಂತದ ಹಾಳೆಯನ್ನು ಮತ್ತೆ ತೆಗೆಯಿರಿ. ಆ ವಾರ ಎಷ್ಟು ದಿನ ಓಡಿದಿರಿ, ಪ್ರತಿ ಸಲ ತಡವಾದದ್ದು ಎಲ್ಲಿ ಎಂದು ಮನೆಮಂದಿಯೆಲ್ಲ ಕೂತು ನೋಡಿ. ಸಾಮಾನ್ಯವಾಗಿ ಒಂದೇ ಕಡೆ ಸಿಕ್ಕಿಹಾಕಿಕೊಂಡಿರುತ್ತದೆ: ಬಚ್ಚಲು, ಜಡೆ ಅಥವಾ ಸಿಗದ ಸಾಕ್ಸ್. ಅದೊಂದನ್ನೇ ಸರಿಮಾಡಿ, ಅಲ್ಲಿಗೆ ಐದು ನಿಮಿಷ ಹೆಚ್ಚು ಕೊಡಿ, ಉಳಿದದ್ದನ್ನು ಮುಟ್ಟಬೇಡಿ. ಜೂನ್ ಕೊನೆಯ ಭಾಗದಲ್ಲಿ ಆರಿದ್ರಾ ಮಳೆ ಶುರುವಾಗುವ ಹೊತ್ತಿಗೆ ನಡಿಗೆಯನ್ನು ಗಡಿಯಾರ ಹಿಡಿದು ಇನ್ನೊಮ್ಮೆ ಅಳೆಯಿರಿ. ಅಷ್ಟರಲ್ಲಿ ದಾರಿ ಬದಲಾಗಿರುತ್ತದೆ.